ವಿಡಿಯೋ ಪ್ಲೇಯರುಗಳ ಒಳಗು ಹೊರಗು

ಯಾವ ಫೈಲ್ ಕೊಟ್ಟರೂ ತಕರಾರಿಲ್ಲದೆ ಓಡಿಸುವ ವಿಎಲ್‌ಸಿಯನ್ನು ಹೊಗಳದವರು ಕಡಿಮೆ. ಆದರೆ ಅದರ ಪ್ರಿಫರೆನ್ಸಸ್ ವಿಂಡೋ ತೆರೆದು, ಬೇಕಾದ್ದು ಎಲ್ಲಿದೆ ಅಂತ ತಿಳಿಯದೆ ತೆಪ್ಪಗೆ ಮುಚ್ಚಿದವರೂ ಕಡಿಮೆಯಿಲ್ಲ. ಮುಕ್ತ ತಂತ್ರಾಂಶದ ವಿಡಿಯೋ ಪ್ಲೇಯರುಗಳ ಬಗ್ಗೆ ಈ ಗೊಣಗಾಟ ಇಪ್ಪತ್ತು ವರ್ಷಕ್ಕೂ ಹಳೆಯದು. "ಪ್ರೋಗ್ರಾಮರುಗಳಿಗೆ ಅಂದಚಂದ ಗೊತ್ತಿಲ್ಲ" ಎಂದು ಒಂದೇ ಮಾತಲ್ಲಿ ಮುಗಿಸಿಬಿಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹುಟ್ಟಿನ ಕತೆ ನೋಡಿದರೆ, ಮೌಸ್ ಹಿಡಿದು ಸಿನಿಮಾ ನೋಡಲು ಕೂತವರಿಗಾಗಿ ಹುಟ್ಟಿದ್ದು ಇವುಗಳಲ್ಲಿ ಬಲು ಕಮ್ಮಿ.

ವಿಎಲ್‌ಸಿಯನ್ನೇ ತೆಗೆದುಕೊಳ್ಳಿ. 1990ರ ದಶಕದ ನಡುವೆ ಪ್ಯಾರಿಸ್‌ನ ಎಕೋಲ್ ಸೆಂಟ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಹುಡುಗರಿಗೆ ತಮ್ಮ ಟೋಕನ್ ರಿಂಗ್ ನೆಟ್‌ವರ್ಕ್ ಸಾಲುತ್ತಿರಲಿಲ್ಲ. ವೇಗದ ನೆಟ್‌ವರ್ಕ್ ಬೇಕು, ಮುಖ್ಯವಾಗಿ ಗೇಮ್ ಆಡೋಕೆ :-) ಆದರೆ ದುಡ್ಡು ಕೊಡುವವರಿಗೆ ಬೇರೆ ಕಾರಣ ಹೇಳಬೇಕಲ್ಲ? ಕ್ಯಾಂಪಸ್ಸಿಗೆಲ್ಲ ಒಂದೇ ಡಿಶ್ ಹಾಕಿ, ಉಪಗ್ರಹ ಟಿವಿಯನ್ನು ನೆಟ್‌ವರ್ಕ್ ಮೂಲಕ ಎಲ್ಲ ಕೋಣೆಗೂ ಹರಿಸುವ ಯೋಜನೆ ಹೀಗೆ 1996ರಲ್ಲಿ ಶುರುವಾಯಿತು. ಕಳಿಸುವ ತುದಿಯಲ್ಲಿ ಸರ್ವರ್, ಕೋಣೆಯಲ್ಲಿ ನೋಡುವ ತುದಿಯಲ್ಲಿ 'ವಿಡಿಯೋಲ್ಯಾನ್ ಕ್ಲೈಂಟ್'. ಅದೇ ವಿಎಲ್‌ಸಿ. 2001ರ ಫೆಬ್ರವರಿಯಲ್ಲಿ ಜಿಪಿಎಲ್ ಲೈಸೆನ್ಸಿನಡಿ ಎಲ್ಲರ ಕೈಗೆ ಬಂತು. ಅದರ ಮೆನುವಿನಲ್ಲಿ ಸ್ಟ್ರೀಮ್ ಮಾಡುವ ಬಾಗಿಲುಗಳು ಇರುವುದು ಆ ಹಾಸ್ಟೆಲ್ಲಿನ ಉಳಿಕೆ.

ಇನ್ನು ಆ ಪ್ರಿಫರೆನ್ಸಸ್ ಎಂಬ ಕಾಡು. ವಿಎಲ್‌ಸಿಯ ಒಳಗೆ ಎಲ್ಲವೂ ಮಾಡ್ಯೂಲ್, ನಾವು ನೋಡುವ ವಿಂಡೋ ಕೂಡ. ಪ್ರತಿ ಮಾಡ್ಯೂಲ್ ಬರೆದವರು ತಮಗೆ ಬೇಕಾದ ಆಯ್ಕೆಗಳನ್ನು ಕೋಡಿನಲ್ಲೇ ಘೋಷಿಸುತ್ತಾರೆ. ಪ್ರಿಫರೆನ್ಸಸ್ ವಿಂಡೋ ಅವನ್ನೆಲ್ಲ ಕಲೆಹಾಕಿ ಮರದ ಕೊಂಬೆಗಳ ಹಾಗೆ ತಾನೇ ಜೋಡಿಸಿ ತೋರಿಸುತ್ತದೆ. ಬರೆಯುವವರಿಗೆ ಎಂಥ ಅನುಕೂಲ ನೋಡಿ! ಹೊಸ ಆಯ್ಕೆ ಸೇರಿಸಿದರೆ ಅದಕ್ಕೊಂದು ಪುಟ ಕಟ್ಟುವ ಗೋಜೇ ಇಲ್ಲ. ಅಂದರೆ ಅದು ಯಾರೋ ಕೂತು ಕೆಟ್ಟದಾಗಿ ವಿನ್ಯಾಸ ಮಾಡಿದ್ದಲ್ಲ, ವಿನ್ಯಾಸವೇ ಇಲ್ಲದೆ ತಾನಾಗಿ ಬೆಳೆದದ್ದು. 2008ರಲ್ಲಿ 0.9 ಆವೃತ್ತಿ ಹೊಸ ಮುಖ ಹೊತ್ತು ಬಂದಾಗ ಸಾಮಾನ್ಯರಿಗೆಂದು 'ಸಿಂಪಲ್' ಪುಟಗಳನ್ನು ಕೊಟ್ಟರು. 'ಆಲ್' ಒತ್ತಿದರೆ ಕಾಡು ಅಲ್ಲೇ ಇತ್ತು.

ಹಂಗೇರಿಯಲ್ಲಿ 2000ದಲ್ಲಿ ಹುಟ್ಟಿದ ಎಂಪ್ಲೇಯರ್‌ನದು ಇನ್ನೂ ಖಡಕ್ ಸ್ವಭಾವ. ಟರ್ಮಿನಲ್‌ನಲ್ಲಿ ಅದರ ಹೆಸರು, ಮುಂದೆ ಫೈಲಿನ ಹೆಸರು, ಎಂಟರ್. ಬಟನ್ ಇಲ್ಲ, ಮೆನು ಇಲ್ಲ. ಸ್ಪೇಸ್ ಒತ್ತಿದರೆ ನಿಲ್ಲುತ್ತೆ, ಬಾಣದ ಕೀಲಿಗಳಿಂದ ಹಿಂದೆ ಮುಂದೆ, 'ಕ್ಯೂ' ಒತ್ತಿದರೆ ಮುಗೀತು. ಕಲಿತವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಜಿಎಂಪ್ಲೇಯರ್ ಎಂಬ ಮುಖವೂ ಇತ್ತು. ಆದರೆ ಸೋರ್ಸ್ ತಂದು ಕಂಪೈಲ್ ಮಾಡಿಕೊಂಡವರು 'ಸ್ಕಿನ್' ಅನ್ನು ಬೇರೆಯಾಗಿ ಇಳಿಸಿಕೊಂಡು ಸರಿಯಾದ ಫೋಲ್ಡರಿನಲ್ಲಿ ಇಡದಿದ್ದರೆ ಅದು ತೆರೆಯುತ್ತಲೇ ಇರಲಿಲ್ಲ. ಬಟ್ಟೆಯಿಲ್ಲದೆ ಹೊರಗೆ ಬರಲ್ಲ ಅನ್ನುವ ಮರ್ಯಾದಸ್ಥ!

ಎಸ್‌ಎಂಪ್ಲೇಯರ್‌ನಂಥವು ಹೊರಗಿನಿಂದ ಮುಖ ಅಂಟಿಸಿದವು. ಅವು ಎಂಪ್ಲೇಯರನ್ನು ಹಿನ್ನೆಲೆಯಲ್ಲಿ ಓಡಿಸಿ, ಪಠ್ಯರೂಪದ ಆದೇಶ ಕಳಿಸಿ, ಅದು ಉಗುಳುವ ಸಾಲುಗಳನ್ನು ಓದಿ ಒಳಗೆ ಏನಾಗುತ್ತಿದೆ ಅಂತ ಊಹಿಸಬೇಕಿತ್ತು. ಆ ಸಾಲುಗಳ ಒಕ್ಕಣೆ ಬದಲಾದರೆ ಮುಖಕ್ಕೆ ದಿಕ್ಕು ತಪ್ಪುತ್ತಿತ್ತು. ಅದೇ ಕುಲದ ಎಂಪಿವಿ 2013ರಲ್ಲಿ ಬಂದು ಈ ಪದ್ಧತಿಯನ್ನು ಕೈಬಿಟ್ಟಿತು, ಆಮೇಲೆ ಎಂಜಿನ್ನನ್ನೇ ಲೈಬ್ರರಿಯಾಗಿ ಕೊಟ್ಟಿತು. ಮ್ಯಾಕ್‌ನ ಚೆಲುವ ಐಐಎನ್‌ಎ ನಿಂತಿರುವುದು ಅದರ ಮೇಲೆ.

ಗ್ನೋಮ್‌ನ ಟೋಟೆಮ್ ಇದಕ್ಕೆ ತದ್ವಿರುದ್ಧ. ಮುಖ ಚೊಕ್ಕ. ಆದರೆ ಪೇಟೆಂಟ್ ಭಯಕ್ಕೆ ಹಲವು ಲಿನಕ್ಸ್ ವಿತರಣೆಗಳು ಕೋಡೆಕ್‌ಗಳನ್ನು ಬಿಟ್ಟು ಕೊಡುತ್ತಿದ್ದರಿಂದ ಸಿನಿಮಾ ಮಾತ್ರ ಓಡದು. 2025ರಲ್ಲಿ ಗ್ನೋಮ್ ಅದರ ಜಾಗಕ್ಕೆ ಶೋಟೈಮ್ ತಂದಿತು.

ಕನ್ನಡಿಗರಿಗೆ ಇನ್ನೊಂದು ತಾಪತ್ರಯ ಇತ್ತು. ವಿಂಡೋಸ್, ಲಿನಕ್ಸ್‌ಗಳ ಹಳೆಯ ವಿಎಲ್‌ಸಿಯಲ್ಲಿ ಯುನಿಕೋಡ್ ಕನ್ನಡದ ಸಬ್‌ಟೈಟಲ್ ಹಾಕಿದರೆ ಒತ್ತಕ್ಷರ ಒಂದು ಕಡೆ, ಸ್ವರಚಿಹ್ನೆ ಇನ್ನೊಂದು ಕಡೆ. ಆ ಕಾಡಿನೊಳಗೆ ಹೊಕ್ಕು ಫಾಂಟ್, ಗಾತ್ರ, ಬಣ್ಣ, ಎನ್‌ಕೋಡಿಂಗ್... ಏನು ಬದಲಿಸಿದರೂ ಸರಿಹೋಗುತ್ತಿರಲಿಲ್ಲ. ಅಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ಕೆಲಸವೇ ಎಂಜಿನ್ನಿನಲ್ಲಿ ಇರಲಿಲ್ಲ, ಹಾಗಂತ ಹೇಳುವ ಒಂದು ಸಾಲೂ ಆ ವಿಂಡೋದಲ್ಲಿ ಇರಲಿಲ್ಲ. 2018ರ ಫೆಬ್ರವರಿಯಲ್ಲಿ ಬಂದ 3.0 ಆವೃತ್ತಿ ಹಾರ್ಫ್‌ಬಜ್ ಲೈಬ್ರರಿಯನ್ನು ಬಳಸಿಕೊಂಡ ಮೇಲೆ 'ಸ್ತ್ರೀ' ಅನ್ನುವುದು ಒಂದೇ ಅಕ್ಷರವಾಗಿ ಕಾಣತೊಡಗಿತು.