ಕಡತ, ಕಂದಾಯ ಮತ್ತು ಪಹಣಿಯ ಒಂದು ಸಾಲು

ಸರ್ಕಾರಿ ಕಚೇರಿಯ ಫೈಲಿಗೆ ನಾವು ಇಂದು ‘ಕಡತ’ ಎನ್ನುತ್ತೇವೆ. ಈ ಪದಕ್ಕೆ ಮಣ್ಣಿನ ವಾಸನೆ ಇದೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿದರೆ ಅದೇ ಹಿಂದಿನ ಕಡತ. ಊರಿನ ಶಾನುಭೋಗರು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇದು ಅನುಕೂಲವೂ ಹೌದು, ರೈತನ ಪಾಲಿಗೆ ಅಪಾಯವೂ ಹೌದು.

ಕಂದಾಯ ಎಂದರೆ ರಾಜ್ಯದ ಜೀವಾಳವಾಗಿದ್ದ ಕಾಲವದು. ಅದರ ವಸೂಲಿ ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1830–31ರ ನಗರ ದಂಗೆ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರು ಇಷ್ಟು ಹಣ ಕೂಡಿಸಿಕೊಡುತ್ತೇವೆಂದು ‘ಷರತ್ತು’ ಬರೆದುಕೊಡುತ್ತಿದ್ದರು. ಕಡಿಮೆ ಬಿದ್ದರೆ ಅವರೇ ತುಂಬಬೇಕು. ಭಾರ ಕೊನೆಗೆ ಬಿದ್ದದ್ದು ರೈತನ ಬೆನ್ನ ಮೇಲೆ. ರೈತರು ಸಿಡಿದೆದ್ದರು, ಅದನ್ನೇ ನೆಪವಾಗಿಸಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅರಸರ ಮನೆತನಕ್ಕೆ ಅದು ಮರಳಿದ್ದು 1881ರಲ್ಲಿ.

ಕಮಿಷನರ್ ಬೌರಿಂಗ್ ಕಾಲದಲ್ಲಿ, 1863ರಲ್ಲಿ, ಮುಂಬಯಿ ಮಾದರಿಯ ಸರ್ವೆ ಮೈಸೂರಿಗೆ ಬಂತು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. ಸರಪಳಿಯ ಒಂದು ಚದರ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಮಣ್ಣಿನ ಗುಣ ನೋಡಿ ದರ ಕಟ್ಟಿದರು. ಹೊಲಕ್ಕೊಂದು ಸರ್ವೆ ನಂಬರು ಬಂತು. ಇಂದಿಗೂ ಪಾಲು ಪತ್ರವಿರಲಿ, ಬ್ಯಾಂಕಿನ ಸಾಲವಿರಲಿ, ಮೊದಲು ಕೇಳುವುದು ಆ ನಂಬರನ್ನೇ.

1956ರಲ್ಲಿ ಕನ್ನಡ ನಾಡು ಒಂದಾದಾಗ ಕಂದಾಯ ಇಲಾಖೆಗೆ ಎದುರಾದ ಪೇಚು ಸಣ್ಣದಲ್ಲ. ಹಳೆ ಮೈಸೂರಿನಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರ, ಧಾರವಾಡದ ಕಡೆ ಮಾಮಲೇದಾರ, ಮಂಗಳೂರಿನಲ್ಲಿ ತಹಸೀಲ್ದಾರ, ಕೊಡಗಿನಲ್ಲಿ ಸುಬೇದಾರ. ಊರ ಲೆಕ್ಕ ಬರೆಯುವವರು ಒಂದೆಡೆ ಶಾನುಭೋಗ, ಇನ್ನೊಂದೆಡೆ ಕುಲಕರ್ಣಿ, ಹೈದರಾಬಾದ್ ಸಂಸ್ಥಾನದಿಂದ ಬಂದ ಜಿಲ್ಲೆಗಳಲ್ಲಿ ಪಟವಾರಿ. ಪಟೇಲ, ಗೌಡ, ಪಾಟೀಲರ ಮಾತಂತೂ ಬೇರೆಯೇ. ಹುದ್ದೆ ಹೋದರೂ ಅಡ್ಡಹೆಸರಾಗಿ ಅವೆಲ್ಲ ಉಳಿದಿವೆ.

ವಂಶಪಾರಂಪರ್ಯದ ಈ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಮರುವರ್ಷದ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಏಣಿ ನಿಲ್ಲಿಸಿತು: ಊರಲ್ಲಿ ಗ್ರಾಮ ಲೆಕ್ಕಿಗ, ಹೋಬಳಿಯಲ್ಲಿ ಕಂದಾಯ ನಿರೀಕ್ಷಕ (ಹಳಬರ ಬಾಯಲ್ಲಿ ಶೇಕ್ದಾರ), ಆಮೇಲೆ ತಹಸೀಲ್ದಾರ, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ. ಕೇಂದ್ರ ಸರ್ಕಾರಕ್ಕೆ ಇಲ್ಲಿ ಕೆಲಸವಿಲ್ಲ. ಸಂವಿಧಾನ ಭೂಕಂದಾಯವನ್ನು, ಭೂ ದಾಖಲೆಗಳನ್ನು ರಾಜ್ಯ ಪಟ್ಟಿಗೆ ಸೇರಿಸಿದೆ.

ಏಣಿಯ ಕೆಳಗಿನ ಮೆಟ್ಟಿಲಿಗೆ ಎಷ್ಟು ತೂಕವಿತ್ತೆಂಬುದು ಗೊತ್ತಾದದ್ದು ದೇವರಾಜ ಅರಸರ ಭೂಸುಧಾರಣೆಯಲ್ಲಿ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವನು ಏಳನೇ ನಮೂನೆಯ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಗೇಣಿಗೆ ರಸೀದಿ ಕೊಡುವ ಧಣಿಗಳೆಷ್ಟು ಮಂದಿ? ಹಾಗಾಗಿ ಪಹಣಿಯ ಸಾಗುವಳಿದಾರನ ಕಾಲಂನಲ್ಲಿ ಯಾರ ಹೆಸರಿದೆ ಎಂಬುದು ದೊಡ್ಡ ಪುರಾವೆಯಾಯಿತು. ಗ್ರಾಮ ಲೆಕ್ಕಿಗ ಹೊಲಕ್ಕೆ ಹೋಗಿ ನೋಡಿ ಬರೆದಿದ್ದನೋ, ಧಣಿಯ ಜಗಲಿಯಲ್ಲಿ ಕುಳಿತು ಬರೆದಿದ್ದನೋ, ಅದರ ಮೇಲೆ ಒಂದು ಸಂಸಾರದ ಅನ್ನ ನಿಂತಿತ್ತು.

‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂಬ ಏರ್ಪಾಟಾಯಿತು. ಒರೆಸಿ ಬರೆಯುವ ಕಾಲ ಮುಗಿಯಿತು ನಿಜ. ಆದರೆ ಕಂಪ್ಯೂಟರಿಗೆ ಹೋದದ್ದು ಹಳೆಯ ಪುಸ್ತಕದಲ್ಲಿ ಇದ್ದದ್ದೇ, ತಪ್ಪುಗಳನ್ನೂ ಸೇರಿಸಿ. ಖಾತೆಯ ಆದೇಶ ಸರಿಯಿಲ್ಲವೆಂದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿ.

ಗ್ರಾಮ ಲೆಕ್ಕಿಗ ಈಗ ‘ಗ್ರಾಮ ಆಡಳಿತ ಅಧಿಕಾರಿ’. ಖಾತೆ ಬದಲಾವಣೆಯ ನೋಟಿಸನ್ನು ಅಂಟಿಸಬೇಕಾದ ಜಾಗ ಮಾತ್ರ ಕಾಯ್ದೆಯ ಪುಸ್ತಕದಲ್ಲಿ ಹಾಗೆಯೇ ಇದೆ: ಊರ ಚಾವಡಿ.