ಬೆಳಗಾವಿ ನಗರದ ಇತಿಹಾಸ ದರ್ಶನ: ನಾಗನೂರ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರಿಗೆ ಮಾಹಿತಿ

ಪೀಠಿಕೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ನಾಗರಿಕರು ಕಚೇರಿ, ನ್ಯಾಯಾಲಯ, ಆಸ್ಪತ್ರೆ ಹಾಗೂ ಮಾರುಕಟ್ಟೆಯ ಕೆಲಸಗಳಿಗಾಗಿ ಜಿಲ್ಲಾ ಕೇಂದ್ರವಾದ ಬೆಳಗಾವಿಗೆ ಆಗಾಗ ಬರುತ್ತಾರೆ. ಆದರೆ ಕೇಂದ್ರ ಬಸ್ ನಿಲ್ದಾಣಕ್ಕೆ ಸಮೀಪದಲ್ಲಿಯೇ ಇರುವ ಕೋಟೆಯೊಳಗೆ ಪ್ರವೇಶಿಸಿ ನೋಡಿದವರು ಕಡಿಮೆ. ನೋಡಿದವರಿಗೂ ಅಲ್ಲಿನ ಕಟ್ಟಡಗಳ ಕಾಲ, ಕಟ್ಟಿಸಿದವರು ಹಾಗೂ ಉದ್ದೇಶಗಳನ್ನು ವಿವರಿಸುವವರು ಇಲ್ಲದಿದ್ದಲ್ಲಿ ಸಂದರ್ಶನದ ಪೂರ್ಣ ಪ್ರಯೋಜನ ದೊರೆಯುವುದಿಲ್ಲ. ಈ ಹಿನ್ನೆಲೆಯಲ್ಲಿ, ತಂಡವಾಗಿ ಮಾರ್ಗದರ್ಶಿಯೊಂದಿಗೆ ನಗರವನ್ನು ಸಂದರ್ಶಿಸಲು ಬಯಸುವ ಶಾಲೆಗಳು, ಸ್ವಸಹಾಯ ಗುಂಪುಗಳು, ಯುವಕ ಸಂಘಗಳು ಹಾಗೂ ಹಿರಿಯ ನಾಗರಿಕರ ಉಪಯೋಗಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ನಗರದ ಸಂಕ್ಷಿಪ್ತ ಇತಿಹಾಸ

ಬೆಳಗಾವಿಯ ಪ್ರಾಚೀನ ಹೆಸರು ವೇಣುಗ್ರಾಮ. ಬಿದಿರಿನ ಊರು ಎಂಬುದು ಇದರ ಅರ್ಥ. ಸವದತ್ತಿಯಿಂದ ಆಳುತ್ತಿದ್ದ ರಟ್ಟ ಅರಸರು ನಂತರದ ಕಾಲದಲ್ಲಿ ವೇಣುಗ್ರಾಮವನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ ಆತನ ಅಧಿಕಾರಿ ಬೀಚಿರಾಜನು 1204ರ ಸುಮಾರಿಗೆ ಇಲ್ಲಿ ಜಿನಾಲಯವನ್ನು ಕಟ್ಟಿಸಿದನು. ರಟ್ಟರ ನಂತರ ಸೇವುಣರು, ವಿಜಯನಗರದ ಅರಸರು, 1470ರ ದಶಕದಲ್ಲಿ ಮಹಮೂದ್ ಗವಾನನ ನೇತೃತ್ವದ ಬಹಮನಿ ಸೈನ್ಯ, ತದನಂತರ ವಿಜಾಪುರದ ಆದಿಲಶಾಹಿಗಳು ಕೋಟೆಯನ್ನು ಹೊಂದಿದ್ದರು. 1818ರಲ್ಲಿ ಕೋಟೆಯು ಪೇಶ್ವೆಗಳ ಕಡೆಯಿಂದ ಬ್ರಿಟಿಷರ ವಶವಾಯಿತು. 2014ರ ನವೆಂಬರ್ 1ರಿಂದ ನಗರದ ಹೆಸರು ಅಧಿಕೃತವಾಗಿ ಬೆಳಗಾವಿ ಎಂದಾಗಿದೆ.

2. ಸಂದರ್ಶಿಸಬೇಕಾದ ಸ್ಥಳಗಳು

(ಅ) ಕೋಟೆ ಮತ್ತು ಕಮಲ ಬಸದಿ: ಕೋಟೆಯ ಒಳಗಿರುವ ಕಮಲ ಬಸದಿಯು ನೇಮಿನಾಥ ತೀರ್ಥಂಕರರಿಗೆ ಮೀಸಲಾಗಿದೆ. ಮಂಟಪದ ಛತ್ತಿನಿಂದ ಕೆಳಮುಖವಾಗಿ ಇಳಿದಿರುವ ಕಲ್ಲಿನ ಕಮಲದಿಂದ ಈ ಹೆಸರು ಬಂದಿದೆ. ಕಮಲದ 72 ದಳಗಳು ಭೂತ, ವರ್ತಮಾನ ಹಾಗೂ ಭವಿಷ್ಯತ್ ಕಾಲಗಳ ತಲಾ 24 ತೀರ್ಥಂಕರರನ್ನು ಸೂಚಿಸುತ್ತವೆ. ಸಮೀಪದಲ್ಲಿ ಚಿಕ್ಕ ಬಸದಿ ಇದೆ.

ಬೆಳಗಾವಿಯ ಜಿನಾಲಯಕ್ಕೆ ಸಂಬಂಧಿಸಿದ, ನಾಲ್ಕನೆಯ ಕಾರ್ತವೀರ್ಯನ ಕಾಲದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಸದಿಯ ನಿರ್ವಹಣೆಗೆ ಬಿಟ್ಟ ದತ್ತಿಗಳ ಜೊತೆಗೆ, ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಲಾಳ ಹಾಗೂ ಮಲೆಯಾಳ ದೇಶಗಳ ವರ್ತಕರ ಉಲ್ಲೇಖವೂ ಅವುಗಳಲ್ಲಿದೆ. ಗುಜರಾತ ಮತ್ತು ಕೇರಳದ ವ್ಯಾಪಾರಿಗಳು 800 ವರ್ಷಗಳ ಹಿಂದೆಯೇ ಇಲ್ಲಿಗೆ ಬರುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಶಾಸನವು ಸ್ಥಳದಲ್ಲಿ ಇಲ್ಲದಿರುವುದರಿಂದ ಈ ಸಂಗತಿಯನ್ನು ಮಾರ್ಗದರ್ಶಿಯೇ ವಿವರಿಸಬೇಕಾಗುತ್ತದೆ.

(ಆ) ಸಫಾ ಮಸೀದಿ: ಆದಿಲಶಾಹಿ ಕಾಲದ ಅಸದ್ ಖಾನನು ಕಟ್ಟಿಸಿದ ಈ ಮಸೀದಿಯ ಎರಡು ಕಂಬಗಳ ಮೇಲೆ ನಾಗರಿ ಲಿಪಿಯಲ್ಲಿ ಕನ್ನಡ ಶಾಸನಗಳಿವೆ. ಒಂದು 1199ರ ರಟ್ಟರ ಕಾಲದ್ದು, ಇನ್ನೊಂದು 1261ರ ಸೇವುಣರ ಕಾಲದ್ದು. ಒಂದೇ ನಗರದಲ್ಲಿ ಹಲವು ಆಳ್ವಿಕೆಗಳು ಒಂದರ ಮೇಲೊಂದು ಕುರುಹು ಬಿಟ್ಟಿರುವುದಕ್ಕೆ ಇದು ಉತ್ತಮ ನಿದರ್ಶನ.

(ಇ) ಸ್ವಾಮಿ ವಿವೇಕಾನಂದರ ಸ್ಮಾರಕ: 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಯಲ್ಲಿ ತಂಗಿದ್ದರು. ರಿಸಾಲದಾರ ಗಲ್ಲಿಯ ಮನೆ ಹಾಗೂ ಕೋಟೆಯೊಳಗಿನ ರಾಮಕೃಷ್ಣ ಮಿಷನ್ ಆಶ್ರಮವು ಈ ಭೇಟಿಯ ಸ್ಮರಣೆಯನ್ನು ಉಳಿಸಿಕೊಂಡಿವೆ.

(ಈ) ವೀರಸೌಧ, ಟಿಳಕವಾಡಿ: ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವು 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಜರುಗಿತು. ಇದು 39ನೆಯ ಅಧಿವೇಶನ. ಸಿದ್ಧತೆಯ ಮುಂದಾಳತ್ವವನ್ನು ಗಂಗಾಧರರಾವ ದೇಶಪಾಂಡೆಯವರು ವಹಿಸಿದ್ದರು. ಅಧಿವೇಶನದ ನಗರಕ್ಕೆ ವಿಜಯನಗರ ಎಂದು ಹೆಸರಿಡಲಾಗಿತ್ತು. ಪ್ರತಿನಿಧಿಗಳ ಕುಡಿಯುವ ನೀರಿಗಾಗಿ 4,370 ರೂಪಾಯಿ 3 ಆಣೆ ವೆಚ್ಚದಲ್ಲಿ ತೋಡಿಸಿದ ಬಾವಿಗೆ ಪಂಪಾ ಸರೋವರ ಎಂಬ ಹೆಸರಿತ್ತು. ಇಂದು ಜನರು ಅದನ್ನು ಕಾಂಗ್ರೆಸ್ ಬಾವಿ ಎಂದು ಕರೆಯುತ್ತಾರೆ. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಈ ಅಧಿವೇಶನದಲ್ಲಿ ಹಾಡಲಾಯಿತು. ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಅಲ್ಲಿ ಸ್ವಾಗತಗೀತೆ ಹಾಡಿದ್ದರು. ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಸ್ವಯಂಸೇವಕರನ್ನು ಮುನ್ನಡೆಸಿದ ಡಾ. ನಾ. ಸು. ಹರ್ಡೀಕರರ ಸೇವಾದಳಕ್ಕೆ ನಂತರ ಗೋಕಾಕ ತಾಲ್ಲೂಕಿನ ಘಟಪ್ರಭಾ ತರಬೇತಿಯ ಕೇಂದ್ರವಾಯಿತು. ಈ ಭಾಗದ ಸಂದರ್ಶಕರಿಗೆ ವೀರಸೌಧವು ತಮ್ಮ ಊರಿನ ಇತಿಹಾಸದ ಭಾಗವೂ ಹೌದು.

3. ಸಾಂಸ್ಕೃತಿಕ ಕಾರ್ಯಕ್ರಮಗಳ ಸಮಯದಲ್ಲಿ ಭೇಟಿ

ಇತಿಹಾಸವನ್ನು ಜನಪದ ಕಲೆ, ಮೆರವಣಿಗೆ ಹಾಗೂ ವಿಚಾರಗೋಷ್ಠಿಗಳ ಮೂಲಕ ತಿಳಿಸುವ ಕಾರ್ಯಕ್ರಮಗಳ ಸಮಯದಲ್ಲಿ ಪ್ರವಾಸ ಏರ್ಪಡಿಸಿಕೊಳ್ಳುವುದು ಸೂಕ್ತ.

- ಕಿತ್ತೂರು ಉತ್ಸವ: 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ಸ್ಮರಣಾರ್ಥ ಅಕ್ಟೋಬರ್ 23ರಿಂದ 25ರವರೆಗೆ ಆಚರಿಸಲಾಗುತ್ತದೆ. 2024ರಲ್ಲಿ ವಿಜಯಕ್ಕೆ 200 ವರ್ಷ ತುಂಬಿತು. ಕಿತ್ತೂರು ಕೋಟೆಯ ಆವರಣದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ.
- ಕನ್ನಡ ರಾಜ್ಯೋತ್ಸವ: ನವೆಂಬರ್ 1ರಂದು ಬೆಳಗಾವಿಯಲ್ಲಿ ಭಾರಿ ಮೆರವಣಿಗೆ ಜರುಗುತ್ತದೆ. ಸಂಚಾರ ಮಾರ್ಗಗಳು ಬದಲಾಗುವುದರಿಂದ ಮಕ್ಕಳು ಹಾಗೂ ವೃದ್ಧರ ತಂಡಗಳು ಕೋಟೆ ಸಂದರ್ಶನವನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.
- ವಿಶ್ವ ಪರಂಪರೆ ಸಪ್ತಾಹ: ಪ್ರತಿ ವರ್ಷ ನವೆಂಬರ್ 19ರಿಂದ 25ರವರೆಗೆ.
- ಸಂಗೊಳ್ಳಿ ಉತ್ಸವ: 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟ ಸಂಗೊಳ್ಳಿ ರಾಯಣ್ಣನ ಸ್ಮರಣೆಗಾಗಿ ಜನವರಿ ತಿಂಗಳಿನಲ್ಲಿ.

ಬೆಳಗಾವಿಯು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳಿಗೂ ಆತಿಥ್ಯ ನೀಡಿದೆ. 1980ರಲ್ಲಿ ಇಲ್ಲಿ ನಡೆದ ಸಮ್ಮೇಳನದ ಅಧ್ಯಕ್ಷರು ಗೋಕಾಕ ತಾಲ್ಲೂಕಿನವರೇ ಆದ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬಹುದು.

4. ತಂಡದ ಸಂದರ್ಶನಕ್ಕೆ ಕೋರಿಕೆ ಸಲ್ಲಿಸುವ ವಿಧಾನ

ತಂಡದ ಮುಖ್ಯಸ್ಥರು ಸಂದರ್ಶನಕ್ಕೆ ಸಾಕಷ್ಟು ಮುಂಚಿತವಾಗಿ ಬೆಳಗಾವಿಯಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಬರವಣಿಗೆಯಲ್ಲಿ ಕೋರಿಕೆ ಸಲ್ಲಿಸಿ, ಮಾರ್ಗದರ್ಶಿಗಳ ಲಭ್ಯತೆ ಹಾಗೂ ಶುಲ್ಕವನ್ನು ಖಚಿತಪಡಿಸಿಕೊಳ್ಳಬೇಕು. ಕೋರಿಕೆಯಲ್ಲಿ ಈ ಕೆಳಗಿನ ವಿವರಗಳಿರಲಿ:

- ತಂಡದ ಹೆಸರು, ಊರು ಮತ್ತು ಮುಖ್ಯಸ್ಥರ ದೂರವಾಣಿ ಸಂಖ್ಯೆ
- ಪುರುಷರು, ಮಹಿಳೆಯರು ಮತ್ತು ಮಕ್ಕಳ ಪ್ರತ್ಯೇಕ ಸಂಖ್ಯೆ
- ಸಂದರ್ಶನದ ದಿನಾಂಕ ಹಾಗೂ ಪರ್ಯಾಯ ದಿನಾಂಕ
- ನೋಡಬಯಸುವ ಸ್ಥಳಗಳು ಮತ್ತು ವಿವರಣೆಯ ಭಾಷೆ
- ನಡೆಯಲು ತೊಂದರೆಯಿರುವವರು ಇದ್ದಲ್ಲಿ ಅವರ ಸಂಖ್ಯೆ

ಶಾಲಾ ಪ್ರವಾಸಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ ಅನುಮತಿ ಪಡೆಯತಕ್ಕದ್ದು. ಪೋಷಕರ ಒಪ್ಪಿಗೆ ಪತ್ರಗಳನ್ನು ಶಾಲೆಯಲ್ಲಿ ಇಟ್ಟುಕೊಳ್ಳುವುದು ಹಾಗೂ ವಿದ್ಯಾರ್ಥಿನಿಯರಿದ್ದಲ್ಲಿ ಶಿಕ್ಷಕಿಯರು ಜೊತೆಗಿರುವುದು ಅವಶ್ಯ. ಸರ್ಕಾರಿ ಶಾಲೆಗಳು 'ಕರ್ನಾಟಕ ದರ್ಶನ' ಪ್ರವಾಸದ ಅನುದಾನ ಲಭ್ಯವಿದೆಯೇ ಎಂಬುದನ್ನು ಅದೇ ಕಚೇರಿಯಲ್ಲಿ ವಿಚಾರಿಸಬಹುದು. ಬಸ್ಸಿಗಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಮೀಪದ ಘಟಕವನ್ನು ಸಂಪರ್ಕಿಸಬಹುದು. ಚಿಕ್ಕ ತಂಡಗಳು ಘಟಪ್ರಭಾ ನಿಲ್ದಾಣದಿಂದ ರೈಲಿನಲ್ಲಿ ಬೆಳಗಾವಿ ತಲುಪಬಹುದು.

5. ಸಂದರ್ಶಕರು ಪಾಲಿಸಬೇಕಾದ ನಿಯಮಗಳು

ಕೋಟೆಯ ಕೆಲವು ಭಾಗಗಳು ಸೇನೆಯ ಅಧೀನದಲ್ಲಿವೆ. ಅಲ್ಲಿ ಅನುಮತಿಯಿಲ್ಲದೆ ಪ್ರವೇಶಿಸುವುದಾಗಲಿ, ಛಾಯಾಚಿತ್ರ ತೆಗೆಯುವುದಾಗಲಿ ಮಾಡಬಾರದು. ಗುರುತಿನ ಚೀಟಿ ಜೊತೆಯಲ್ಲಿರಲಿ. ಪೂಜಾಸ್ಥಳಗಳಲ್ಲಿ ಆಯಾ ಸ್ಥಳದ ಪದ್ಧತಿಯನ್ನು ಪಾಲಿಸುವುದು. ಕಂಬ, ಗೋಡೆ ಹಾಗೂ ಶಾಸನಗಳ ಮೇಲೆ ಹೆಸರು ಕೆತ್ತುವುದು, ಬಣ್ಣ, ಎಣ್ಣೆ ಅಥವಾ ಸುಣ್ಣ ಹಚ್ಚುವುದು ನಿಷಿದ್ಧ. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದಲ್ಲಿ 1958ರ ಕಾಯ್ದೆ ಹಾಗೂ ಅದರ 2010ರ ತಿದ್ದುಪಡಿಯನ್ವಯ ಎರಡು ವರ್ಷಗಳವರೆಗೆ ಕಾರಾಗೃಹವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

6. ಹಿಂದಿರುಗುವ ಮಾರ್ಗದಲ್ಲಿ

ಸಮಯವಿದ್ದಲ್ಲಿ ಗೋಕಾಕ ಜಲಪಾತವನ್ನು ಸೇರಿಸಿಕೊಳ್ಳಬಹುದು. ಘಟಪ್ರಭಾ ನದಿಯು ಇಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ದಂಡೆಯ ಮೇಲಿನ ಹತ್ತಿ ಗಿರಣಿಯು 19ನೆಯ ಶತಮಾನದ ಕೊನೆಯಲ್ಲಿ ಈ ನೀರಿನ ಶಕ್ತಿಯಿಂದ ನಡೆಯಲಾರಂಭಿಸಿತು. ಮಳೆಗಾಲದಲ್ಲಿ ಬಂಡೆಗಳ ಅಂಚಿಗೆ ಹೋಗಬಾರದು.

ನಾಗನೂರ ಭಾಗದ ಸಂದರ್ಶಕರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಬೆಳಗಾವಿಯ ಶಾಸನಗಳ ಕಾಲದ್ದೇ ಆದ, ಅದೇ ನಾಲ್ಕನೆಯ ಕಾರ್ತವೀರ್ಯನ ಜೈನ ಶಾಸನವೊಂದು ಸಮೀಪದ ಕಲ್ಲೋಳಿಯಲ್ಲಿಯೂ ದೊರೆತಿದೆ. ನಗರದ ಕಲ್ಲುಗಳು ಸಮುದ್ರ ದಾಟಿ ಹೋಗಿವೆ. ಆದುದರಿಂದ ಗ್ರಾಮಗಳಲ್ಲಿ ಉಳಿದಿರುವ ಶಾಸನ, ವೀರಗಲ್ಲು ಮತ್ತು ಮೂರ್ತಿಗಳ ರಕ್ಷಣೆ ಅತ್ಯವಶ್ಯ. ಹೊಲ ಉಳುವಾಗ ಅಥವಾ ಮನೆಯ ಪಾಯ ತೆಗೆಯುವಾಗ ಇಂತಹ ಕಲ್ಲು ಕಂಡುಬಂದಲ್ಲಿ ಅದನ್ನು ಒಡೆಯದೆ, ಕಟ್ಟಡಕ್ಕೆ ಬಳಸದೆ, ಗ್ರಾಮ ಆಡಳಿತ ಅಧಿಕಾರಿಗಳಿಗೆ ಅಥವಾ ತಹಶೀಲ್ದಾರರ ಕಚೇರಿಗೆ ಕೂಡಲೇ ತಿಳಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.