ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳ ವೃಕ್ಷಶಿಕ್ಷಣ

ಮಕ್ಕಳ ವೃಕ್ಷಶಿಕ್ಷಣ ಎಂಬುದು ಮರಗಳು ಮೊಳೆಯುವ, ಬೆಳೆಯುವ, ಉಸಿರಾಡುವ ಮತ್ತು ಸಾಯುವ ಬಗೆಯನ್ನು ಎಳೆಯ ಮಕ್ಕಳಿಗೆ, ಮುಖ್ಯವಾಗಿ ಮೂರರಿಂದ ಎಂಟು ವರ್ಷದವರಿಗೆ, ನೇರ ವೀಕ್ಷಣೆಯ ಮೂಲಕ ತಿಳಿಸುವ ಪರಿಸರ ಶಿಕ್ಷಣದ ಒಂದು ಭಾಗವಾಗಿದೆ. ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಕೂಡುವಲ್ಲಿರುವ ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಇದಕ್ಕೆ ಅನುಕೂಲವಾದ ಸ್ಥಳ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು ಮತ್ತು ತೇಗದ ಕಾಡುಗಳಿದ್ದರೆ, ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ ಭೂಮಿಯಿದೆ. ಒಂದೇ ದಿನದ ಪ್ರಯಾಣದಲ್ಲಿ ಮಕ್ಕಳು ಎರಡು ಬಗೆಯ ಸಸ್ಯಜೀವನವನ್ನು ನೋಡಬಹುದು.

ಪಠ್ಯಕ್ರಮದಲ್ಲಿ ಸ್ಥಾನ

ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಮರಗಿಡಗಳ ವಿಷಯವು ಪರಿಸರ ಅಧ್ಯಯನದ ಭಾಗವಾಗಿ ಬರುತ್ತದೆ. ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಜಾರಿಯಲ್ಲಿರುವ ನಲಿ-ಕಲಿ ಪದ್ಧತಿಯು ಚಟುವಟಿಕೆಗೆ ಒತ್ತು ಕೊಡುತ್ತದೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಜುಲೈ ತಿಂಗಳ ವನಮಹೋತ್ಸವವು ಶಾಲೆಗಳಿಗೆ ಚಿರಪರಿಚಿತ. ಅಂದಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ. ಎಂ. ಮುನ್ಷಿ ಅದನ್ನು 1950ರಲ್ಲಿ ಆರಂಭಿಸಿದರು. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವು ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಕಾರ್ಯಕ್ರಮ. ಆದರೆ ಸಸಿ ನೆಡುವುದು ಒಂದು ದಿನದ ಕೆಲಸ, ಮರದ ಬದುಕನ್ನು ಅರಿಯಲು ವರ್ಷವಿಡೀ ನೋಡಬೇಕು.

ಮಕ್ಕಳ ಕಲ್ಪನೆಗಳು

ಚಲಿಸುವುದಷ್ಟೇ ಜೀವವುಳ್ಳದ್ದು ಎಂದು ಎಳೆಯ ಮಕ್ಕಳು ಭಾವಿಸುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗುರುತಿಸಿದ್ದರು. ಈ ದೃಷ್ಟಿಯಲ್ಲಿ ಮೋಡಕ್ಕೆ ಜೀವವಿರುತ್ತದೆ, ಮರಕ್ಕೆ ಇರುವುದಿಲ್ಲ. ಬೀಜವೊಂದು ಮೊಳೆತು ಎಲೆ ಬಿಡುವುದನ್ನು ದಿನವೂ ನೋಡಿದ ಮಗು ಈ ಅಭಿಪ್ರಾಯವನ್ನು ತಾನೇ ಬದಲಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಎರಡನೆಯ ತಪ್ಪು ಕಲ್ಪನೆ ದೊಡ್ಡವರಲ್ಲಿಯೂ ಇದೆ: ಮರವು ಮಣ್ಣನ್ನು ತಿಂದು ದಪ್ಪವಾಗುತ್ತದೆ ಎಂಬುದು. ಬೆಲ್ಜಿಯಂ ಪ್ರದೇಶದ ವಿಜ್ಞಾನಿ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟು, ಐದು ವರ್ಷ ನೀರನ್ನಷ್ಟೇ ಹಾಕಿದನು. ಮರವು 169 ಪೌಂಡ್‌ಗೂ ಮಿಕ್ಕಿ ಬೆಳೆದಿತ್ತು, ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಅವನ ಮರಣಾನಂತರ 1648ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ್ದನು. ಕಟ್ಟಿಗೆಯ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆ ಎಂಬುದು ನಂತರ ತಿಳಿಯಿತು. ಎಳೆಯರಿಗೆ ಅನಿಲದ ಹೆಸರು ಬೇಕಿಲ್ಲ. ಎಲೆಯು ಬಿಸಿಲು, ಗಾಳಿ, ನೀರು ಕೂಡಿಸಿ ಅಡುಗೆ ಮಾಡುತ್ತದೆ ಎಂದರೆ ಸಾಕು. ಮರಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎಂಬ ಮಾತು ತಪ್ಪು. ಅವು ಹಗಲಿರುಳೂ ಉಸಿರಾಡುತ್ತವೆ.

ಬೆಳವಣಿಗೆಯನ್ನು ತೋರಿಸುವ ಬಗೆ

ಮರವು ತುದಿಯಲ್ಲಿ ಎತ್ತರವಾಗುತ್ತದೆ, ತೊಗಟೆಯ ಒಳಗಿನ ತೆಳುಪದರದಿಂದ ದಪ್ಪವಾಗುತ್ತದೆ. ಆದ್ದರಿಂದ ಕಾಂಡದ ಮೇಲಿನ ಗುರುತು ಎಷ್ಟು ವರ್ಷ ಕಳೆದರೂ ಮೇಲಕ್ಕೆ ಏರುವುದಿಲ್ಲ. ಇದು ಮಕ್ಕಳಿಗೆ ಅಚ್ಚರಿಯ ಸಂಗತಿ. ತೊಗಟೆಗೆ ಗಾಯ ಮಾಡದೆ ಸುಣ್ಣದ ಗೆರೆಯೆಳೆದು, ಪ್ರತಿವರ್ಷ ಅದನ್ನು ಅಲ್ಲಿಯೇ ತಿದ್ದಿ, ಮಗುವಿನ ಎತ್ತರದ ಗೆರೆಯನ್ನು ಪಕ್ಕದ ಗೋಡೆಯ ಮೇಲೆ ಬರೆದರೆ ವ್ಯತ್ಯಾಸ ತಾನೇ ಕಾಣುತ್ತದೆ. ಸುತ್ತಳತೆಗೆ ಒಂದು ದಾರ ಸಾಕು. ಬಿಸಿಲಿನಲ್ಲಿರುವ ಬೇವಿನ ರೆಂಬೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಹನಿ ಮೂಡುತ್ತದೆ; ಬೇರು ಹೀರಿದ ನೀರು ಎಲೆಯಿಂದ ಹೊರಹೋಗುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಇಲ್ಲ.

ಕಾಂಡದ ಉಂಗುರಗಳನ್ನು ಎಣಿಸಿ ವಯಸ್ಸು ತಿಳಿಯುವ ಪಾಠವು ಚಳಿಪ್ರದೇಶಗಳಿಂದ ಬಂದದ್ದು. ಇಲ್ಲಿ ಅದನ್ನು ಎಚ್ಚರದಿಂದ ಬಳಸಬೇಕು. ಮಳೆಗಾಲದಲ್ಲಿ ಬೆಳೆದು ಒಣಗಾಲದಲ್ಲಿ ತಡೆಯುವ ತೇಗದಲ್ಲಿ ಉಂಗುರಗಳು ಸ್ಪಷ್ಟವಾಗಿರುತ್ತವೆ. ಮಾವಿನಂತಹ ಮರಗಳಲ್ಲಿ ಅವು ಅಸ್ಪಷ್ಟ. ಮಾವಿನ ತುಂಡನ್ನು ಕೊಟ್ಟು ಎಣಿಸಲು ಹೇಳಿದರೆ ಮಕ್ಕಳು ಇಲ್ಲದ್ದನ್ನು ಕಾಣಲು ಕಲಿಯುತ್ತಾರೆ.

ಇಲ್ಲಿನ ಋತುಚಕ್ರ

ಎಲೆ ಉದುರುವುದನ್ನು ಚಿತ್ರಪುಸ್ತಕಗಳು ಹಿಮಗಾಲದ ಸಿದ್ಧತೆಯೆಂದು ಚಿತ್ರಿಸುತ್ತವೆ. ಧಾರವಾಡದ ಮರಗಳು ಎಲೆ ಕಳಚುವುದು ಮುಖ್ಯವಾಗಿ ನೀರನ್ನು ಉಳಿಸಿಕೊಳ್ಳಲು. ಎಲೆಯುದುರಿದ ಮುತ್ತುಗವು ಫೆಬ್ರವರಿ-ಮಾರ್ಚಿನಲ್ಲಿ ಕೆಂಗೇಸರಿ ಹೂ ತಳೆಯುತ್ತದೆ, ಹೊಂಗೆಯು ಬಿರುಬಿಸಿಲಿನಲ್ಲಿಯೇ ಎಳೆಹಸಿರಾಗುತ್ತದೆ, ಬೇವಿನ ಹೂ ಯುಗಾದಿಯ ಬೇವುಬೆಲ್ಲಕ್ಕೆ ಒದಗುತ್ತದೆ. ಬೇಸಿಗೆಯಲ್ಲಿ ಕೆಂಪಾಗುವ ಗುಲ್ಮೊಹರ್ ಮಡಗಾಸ್ಕರ್ ಮೂಲದ್ದು.

ಹಬ್ಬಗಳೂ ಪಾಠವಾಗಬಲ್ಲವು. ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಬಂಗಾರವೆಂದು ಬನ್ನಿ ಹಂಚುವಾಗ, ಹಲವೆಡೆ ಕೈಗೆ ಬರುವುದು ಇಬ್ಭಾಗವಾದ ಆರೆ ಎಲೆ. ಬನ್ನಿಯ ಸಣ್ಣ ಸಣ್ಣ ಕಿರುಎಲೆಗಳ ಪಕ್ಕದಲ್ಲಿ ಅದನ್ನಿಟ್ಟರೆ ಎರಡೂ ಬೇರೆ ಮರಗಳೆಂದು ನಾಲ್ಕು ವರ್ಷದ ಮಗುವೂ ಹೇಳಬಲ್ಲದು.

ಒಂದೇ ಮರವನ್ನು ವಾರಕ್ಕೊಮ್ಮೆ ನೋಡಿ ಎಲೆ, ಹೂ, ಕಾಯಿಗಳನ್ನು ದಾಖಲಿಸುವ ‘ಸೀಸನ್‌ವಾಚ್’ ಎಂಬ ಭಾರತೀಯ ಯೋಜನೆಯಲ್ಲಿ ಶಾಲಾ ಮಕ್ಕಳು ಭಾಗವಹಿಸುತ್ತಾರೆ. ಓದುಬರಹ ಬಾರದ ಮಕ್ಕಳು ಇದನ್ನೇ ಚಿತ್ರ ಬರೆದು ಮಾಡಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯೋದ್ಯಾನ, ಕೃಷಿ ವಿಶ್ವವಿದ್ಯಾಲಯದ ಆವರಣ, ಸಾಧನಕೇರಿ, ಉಣಕಲ್ ಕೆರೆಯ ದಂಡೆ ಮತ್ತು ನೃಪತುಂಗ ಬೆಟ್ಟ ವೀಕ್ಷಣೆಗೆ ಒದಗುವ ಸ್ಥಳಗಳು. ಆದರೂ ದಿನವೂ ಕಾಣುವ ಶಾಲೆಯಂಗಳದ ಮರಕ್ಕೆ ಅವು ಸಾಟಿಯಲ್ಲ.

ಬೀಜ ಮತ್ತು ಸಸಿ

ಶಾಲೆ ಮತ್ತು ಮುಂಗಾರು ಹೆಚ್ಚುಕಡಿಮೆ ಒಟ್ಟಿಗೆ ಆರಂಭವಾಗುವುದರಿಂದ ಜೂನ್ ಬಿತ್ತನೆಗೆ ಸೂಕ್ತ. ಬೇವಿನ ಬೀಜವು ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಉದುರಿದ ಕೂಡಲೇ ಊರಬೇಕು. ಮಾವಿನ ಓಟೆಯದೂ ಅದೇ ಗುಣ. ಹುಣಸೆ ಬೀಜವನ್ನು ತಿಂಗಳುಗಟ್ಟಲೆ ಇಡಬಹುದು, ರಾತ್ರಿ ನೆನೆಸಿದರೆ ಬೇಗ ಮೊಳೆಯುತ್ತದೆ. ಪಾರದರ್ಶಕ ಲೋಟದ ಅಂಚಿಗೆ ಬೀಜವಿಟ್ಟರೆ ಮೊದಲು ಬೇರು ಇಳಿಯುವುದು ಕಾಣುತ್ತದೆ.

ಸಮಸ್ಯೆಗಳು

ಹುಬ್ಬಳ್ಳಿ-ಧಾರವಾಡ ತ್ವರಿತ ಬಸ್ ಸಾರಿಗೆಗಾಗಿ ರಸ್ತೆ ಅಗಲಿಸಿದಾಗ ದಾರಿಯುದ್ದಕ್ಕೂ ಅನೇಕ ಮರಗಳು ಹೋದವು. ಉಳಿದ ಬೀದಿಮರಗಳಲ್ಲಿ ಬುಡದವರೆಗೆ ಕಾಂಕ್ರೀಟ್ ಬಿಗಿದವುಗಳೂ, ಕಬ್ಬಿಣದ ಬೇಲಿಯನ್ನು ಕಾಂಡದೊಳಗೆ ನುಂಗಿಕೊಂಡವುಗಳೂ ಇವೆ. ಬೇರಿಗೆ ಗಾಳಿ ಮತ್ತು ನೀರು ಬೇಕು, ಕಾಂಡ ದಪ್ಪವಾಗುತ್ತದೆ ಎಂಬ ಎರಡು ಪಾಠಗಳನ್ನು ಇವುಗಳ ಬಳಿ ಸುಲಭವಾಗಿ ಹೇಳಬಹುದು.

ಇದಕ್ಕಿಂತ ಕಠಿಣವಾದದ್ದು ಶಾಲಾ ವೇಳಾಪಟ್ಟಿ. ಹೊಂಗೆಯ ಚಿಗುರು, ಮಾವಿನ ಹಣ್ಣು, ಗುಲ್ಮೊಹರ್ ಹೂ ಇವೆಲ್ಲ ನೋಡಲು ಸಿಗುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ. ಜುಲೈನಲ್ಲಿ ಮಕ್ಕಳು ನೆಟ್ಟ ಸಸಿಗೆ ಮೊದಲ ಬೇಸಿಗೆಯೇ ಅತ್ಯಂತ ಅಪಾಯದ ಕಾಲ, ಆಗ ನೀರು ಹಾಕುವವರು ಇರುವುದಿಲ್ಲ. ಎರೆ ಮಣ್ಣಿನಲ್ಲಿ ಬಿರುಕುಗಳು ಎಳೆಬೇರನ್ನು ಹರಿಯುವುದೂ ಉಂಟು. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕುವುದು ಮತ್ತು ಶಾಲೆಯ ಹತ್ತಿರ ವಾಸಿಸುವ ಮಕ್ಕಳ ಮನೆಗಳಿಗೆ ಸರದಿಯಂತೆ ಸಸಿಗಳನ್ನು ವಹಿಸುವುದು ಇದಕ್ಕೆ ಇರುವ ಸರಳ ಉಪಾಯಗಳು.